ಬಿಟ್ಟುಹೋದ ನೆಗ್ಗು

ಆಸ್ಟ್ರೇಲಿಯಾದ ಯಾಂಗೂರಾ ಊರಿನಲ್ಲಿ ಯಾರ ಯೂಟ್ ಗಾಡಿಯ ಪುಟ್ಟ ಮಾದರಿ ಮಾಡಿಕೊಡಲು ಒಪ್ಪಿದರೂ ಮರ್ವ್ ನೋಸ್ಕೆ ಮೊದಲು ಆ ಗಾಡಿಗೆ ಒಂದು ಸುತ್ತು ಬರುತ್ತಿದ್ದ. ಒಬ್ಬನೇ ಅಲ್ಲ, ಗಾಡಿಯವರ ಜೊತೆ. ಬಲಗಡೆಯ ಮುಂದೀಪದಿಂದ ಹೊರಟರೆ ಮತ್ತೆ ಅಲ್ಲಿಗೇ ಬಂದು ನಿಲ್ಲಬೇಕು. ಪ್ರತಿ ನೆಗ್ಗಿನ ಹತ್ತಿರವೂ ನಿಂತು, ಅದು ಹೇಗಾಯಿತೆಂದು ಗಾಡಿಯವರು ಹೇಳಬೇಕು. ಇದು ಟಗರು ಗುಮ್ಮಿದ್ದು, ಇದು ಮುಳ್ಳುತಂತಿಯ ಗೀರು, ಇದು ಹೆಂಡತಿಯ ಹೆರಿಗೆಯ ದಿನ ಅವಸರದಲ್ಲಿ ಗೇಟಿಗೆ ತಾಗಿಸಿದ್ದು. ಮರ್ವ್ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಎಲ್ಲವನ್ನೂ ಚಿತ್ರ ಬರೆದುಕೊಳ್ಳುತ್ತಿದ್ದ. ಕಥೆ ಕೇಳದೆ ಮಾಡಿದ ನೆಗ್ಗು ನೆಗ್ಗಿನ ಹಾಗೆ ಕಾಣುವುದಿಲ್ಲ, ಕೈತಪ್ಪಿನ ಹಾಗೆ ಕಾಣುತ್ತದೆ ಎಂಬುದು ಅವನ ನಂಬಿಕೆ.

ಮೂವತ್ತು ವರ್ಷ ಅವನು ಗೋಧಿ ಕಣಜದಲ್ಲಿ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೆಲಸ ಮಾಡಿದವನು. ಲಾರಿಗಳು ಬರದ ತಿಂಗಳುಗಳಲ್ಲಿ ಹೊತ್ತು ಹೋಗದೆ ಹಿಡಿದ ಹವ್ಯಾಸ ಇದು. ಅಂಗಡಿಯಲ್ಲಿ ಸಿಗುವ, ಅಚ್ಚಿನಲ್ಲಿ ಎರೆದ ಲೋಹದ ಆಟಿಕೆ ಗಾಡಿ, ಒಂದು ಗೇಣಿಗೆ ಕೊಂಚ ಕಡಿಮೆ ಉದ್ದದ್ದು, ತಂದು ತಳದ ರಿವೆಟ್ಟುಗಳನ್ನು ಬೈರಿಗೆಯಿಂದ ಕೊರೆದು ಬಿಚ್ಚುವುದು. ಮೈಯನ್ನು ಕ್ಷಾರದ ದ್ರಾವಣದಲ್ಲಿ ಮುಳುಗಿಸಿಟ್ಟು ಬಣ್ಣ ಸುಲಿಯುವುದು. ಆಮೇಲೆ ಊರಿನ ಯಾವುದೋ ಒಂದು ಗಾಡಿಯ ಹಾಗೆ, ಅದೇ ಗಾಡಿಯ ಹಾಗೆ, ಅದನ್ನು ತಿದ್ದುವುದು. ಫುಟ್‌ಬಾಲ್ ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಅವನು ಮಾಡಿದ ಮೂವತ್ತೊಂದು ಗಾಡಿಗಳು ಸಾಲಾಗಿ ನಿಂತಿದ್ದವು. ನಿಜವಾದವು ಎಷ್ಟೋ ಗುಜರಿಗೆ ಹೋಗಿದ್ದವು. "ಮರ್ವ್‌ನ ತೂಕದಲ್ಲಿ ಒಂದು ಕಾಳು ಆಚೀಚೆ ಇಲ್ಲ, ಅವನ ಗಾಡೀಲಿ ಒಂದು ಗೀರು ಆಚೀಚೆ ಇಲ್ಲ" ಎಂದು ಊರವರು ಹೊರಗಿನವರಿಗೆ ತೋರಿಸಿ ಹೇಳುತ್ತಿದ್ದರು. ಹಾಗೆ ಹೇಳುವುದು ಕಿವಿಗೆ ಬಿದ್ದಾಗಲೆಲ್ಲ ಮರ್ವ್ ಬೇರೇನೋ ಕೆಲಸವಿದ್ದವನಂತೆ ಆ ಜಾಗ ಬಿಟ್ಟು ಸರಿಯುತ್ತಿದ್ದ. ಜನ ಅದನ್ನು ಅವನ ನಾಚಿಕೆ ಸ್ವಭಾವ ಎಂದುಕೊಂಡಿದ್ದರು.

ಜುಲೈ ತಿಂಗಳ ಒಂದು ಬೆಳಿಗ್ಗೆ ನೊರೀನ್ ಪ್ರೆಂಡರ್‌ಗಾಸ್ಟ್ ಫೋನ್ ಮಾಡಿದಳು. ಅವಳ ಗಂಡ ಲೆಸ್ ತೀರಿಹೋಗಿ ಮೂರು ತಿಂಗಳಾಗಿತ್ತು. ಲೆಸ್‌ನ ಹಳೆಯ ಹಳದಿ ಹೋಲ್ಡನ್ ಯೂಟನ್ನು ಮೊಮ್ಮಗ ಕ್ವೀನ್ಸ್‌ಲ್ಯಾಂಡಿಗೆ ಒಯ್ಯುವವನಿದ್ದ. ಅದಕ್ಕೆ ಮೊದಲು ಒಂದು ಮಾದರಿ ಬೇಕು ಎಂದಳು. ಕಣ್ಣು ಸರಿಯಿಲ್ಲ ಎನ್ನಬಹುದಿತ್ತು, ಕೈ ನಡುಗುತ್ತದೆ ಎನ್ನಬಹುದಿತ್ತು. ಅರವತ್ತೆಂಟು ವರ್ಷದವನು ಹಾಗೆಂದರೆ ಯಾರೂ ನಂಬದೆ ಇರುತ್ತಿರಲಿಲ್ಲ. ಮರ್ವ್ "ನಾಳೆ ಬರ್ತೀನಿ" ಎಂದ.

"ಸ್ಕೋನ್ ಬೇಯಿಸಿದೀನಿ. ಮೊದಲು ತಿಂತೀಯೋ, ಮೊದಲು ಸುತ್ತು ಬರ್ತೀಯೋ?" ಎಂದಳು ನೊರೀನ್, ಶೆಡ್ಡಿನ ಬಾಗಿಲು ತಳ್ಳುತ್ತ.

"ಮೊದಲು ಸುತ್ತು."

"ಲೆಸ್ ಆಗಿದ್ರೆ ಮೊದಲು ಸ್ಕೋನ್ ಅಂತಿದ್ದ. ಅದಕ್ಕೇ ನೋಡು, ಅವನು ಹೋದ, ನೀನು ಗಟ್ಟಿಯಾಗಿದ್ದೀಯ."

ಗಾಡಿ ಸಾಸಿವೆ ಹೂವಿನ ಹಳದಿ. ಮುಂದೆ ಕಾರಿನ ಹಾಗೆ, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ. ನೊರೀನ್ ಬೆರಳಿನಿಂದ ಮುಟ್ಟಿ ಮುಟ್ಟಿ ತೋರಿಸಿದಳು. "ಇದು ಕಾಂಗರೂ. ಇದೂ ಕಾಂಗರೂ. ಇದು ಕಾಂಗರೂ ಅಂತ ಲೆಸ್ ಹೇಳಿದ್ದು, ನಿಜವಾಗಿ ಪಬ್ಬಿನ ಕಂಬ. ಹಸಿರು ಬಣ್ಣ ಇನ್ನೂ ಅಂಟಿದೆ ನೋಡು. ಹಸಿರು ಕಾಂಗರೂನ ನೀನು ಯಾವಾಗ ನೋಡಿದ್ದೆ ಅಂತ ಕೇಳಿದ್ದಕ್ಕೆ ಎರಡು ದಿನ ಮುನಿಸಿಕೊಂಡಿದ್ದ."

ಮರ್ವ್ ನಕ್ಕ, ಬರೆದುಕೊಂಡ. ಹಿಂಬದಿ ಸುತ್ತಿ ಎಡಗಡೆಗೆ ಬರುವಷ್ಟರಲ್ಲಿ ಹದಿನಾಲ್ಕು ಆಗಿದ್ದವು. ಎಡಬಾಗಿಲಿನ ಹಿಂದೆ, ಚಕ್ರದ ಮೇಲೆ, ಊಟದ ತಟ್ಟೆಯಷ್ಟು ಅಗಲದ ನೆಗ್ಗು ಇತ್ತು. ಅದರ ನಟ್ಟನಡುವೆ ಅರ್ಧ ಮೊಟ್ಟೆ ಕೂರುವಷ್ಟು ಆಳದ ದುಂಡನೆಯ ಗುಳಿ.

"ಇದು ಗೊತ್ತಲ್ಲ. ವಿನ್ಸ್‌ದು" ಎಂದಳು ನೊರೀನ್. ಗಂಡನ ಅಣ್ಣನ ಹೆಸರು ಹೇಳಿದವಳು ಬೆರಳಿನಿಂದ ಮುಟ್ಟಲಿಲ್ಲ. "ಹೊಸ ಬಣ್ಣದ ಮೇಲೆ ಬಿದ್ದ ಮೊದಲನೇದು. ಎರಡು ವರ್ಷ ಲೆಸ್ ಈ ಶೆಡ್ಡಲ್ಲೇ ಮಲಗಿ ಎದ್ದು ಗಾಡಿ ಸರಿ ಮಾಡಿದ್ದ. ಇದಾದ ಮೇಲೆ ಒರೆಸೋದನ್ನೂ ಬಿಟ್ಟ. ನೀನೀಗ ಬರೆದುಕೊಂಡಿದ್ದೆಲ್ಲ ಇದರ ಮರಿಗಳು."

ಮರ್ವ್‌ನ ಪೆನ್ಸಿಲ್ಲು ಕಾಗದದ ಮೇಲೆ ನಿಂತಿತು. ಆ ನೆಗ್ಗು ವಿನ್ಸ್‌ನದಲ್ಲ ಎಂದು ಬಲ್ಲವನು ಭೂಮಿಯ ಮೇಲೆ ಒಬ್ಬನೇ ಇದ್ದ, ಅವನು ಅಲ್ಲೇ ಪುಸ್ತಕ ಹಿಡಿದುಕೊಂಡು ನಿಂತಿದ್ದ.

ಒಂಬತ್ತು ವರ್ಷದ ಹಿಂದಿನ ಆಗಸ್ಟಿನ ಶನಿವಾರ. ಊರಿನ ಮೈದಾನದ ಸುತ್ತ ಎಂದಿನಂತೆ ಗಾಡಿಗಳು ಮೂತಿ ಒಳಗೆ ಮಾಡಿ ಸಾಲಾಗಿ ನಿಂತಿದ್ದವು. ಜನ ಒಳಗೇ ಕೂತು ಆಟ ನೋಡುತ್ತ, ಗೋಲಾದಾಗ ಹಾರನ್ ಬಾರಿಸುತ್ತಿದ್ದರು. ಲೆಸ್ ಮಾತ್ರ ಹೊಸ ಬಣ್ಣಕ್ಕೆ ಚೆಂಡು ಬಡಿದೀತೆಂದು ತನ್ನ ಗಾಡಿಯನ್ನು ಸಾಲಿನ ಹಿಂದೆ ನೀಲಗಿರಿ ಮರದಡಿ ಅಡ್ಡಕ್ಕೆ ನಿಲ್ಲಿಸಿದ್ದ. ಅದರ ಮುಂದೆ, ಸಾಲಿನಲ್ಲಿ, ಮರ್ವ್‌ನ ಗಾಡಿ. ಪಕ್ಕದಲ್ಲಿ ಲೆಸ್‌ನ ಅಣ್ಣ ವಿನ್ಸ್‌ನ ಟೊಯೋಟಾ. ಐದು ಗಂಟೆಗೆ ವೃದ್ಧಾಶ್ರಮದಲ್ಲಿ ತಾಯಿ ಕಾಯುತ್ತಾಳೆಂದು ಮರ್ವ್ ಆಟ ಮುಗಿಯುವ ಮೊದಲೇ ಹೊರಟ. ತುಂತುರು ಹನಿ, ಗಾಜಿನ ಮೇಲೆ ಮಂಜು. ಹಿಂದಕ್ಕೆ ತೆಗೆದ. ಗಡ್ ಎಂದಿತು. ಇಳಿದು ನೋಡಿದರೆ, ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಗುಂಡು ಹಳದಿ ಮೈಯೊಳಗೆ ಇಳಿದಿತ್ತು.

ಲೆಸ್ ಆಗ ಮೈದಾನದ ಆ ತುದಿಯಲ್ಲಿ, ಬಿಳಿ ಕೋಟು ಹಾಕಿಕೊಂಡು ಗೋಲಾದರೆ ಬೀಸುವ ಎರಡು ಬಾವುಟ ಹಿಡಿದು ಗೋಲ್ ಅಂಪೈರ್ ಆಗಿ ನಿಂತಿದ್ದ. ಕರೆಯುವ ಹಾಗಿರಲಿಲ್ಲ. ಸಂಜೆ ಫೋನ್ ಮಾಡಿದರಾಯಿತು ಎಂದುಕೊಂಡು ಮರ್ವ್ ಹೋದ. ತಾಯಿ ಆ ಸಂಜೆ ಜ್ವರದಲ್ಲಿದ್ದಳು. ಫೋನ್ ಮಾಡಲಾಗಲಿಲ್ಲ.

ಅಷ್ಟರಲ್ಲಿ ಕ್ಲಬ್ಬಿನಲ್ಲಿ ಆಗುವುದು ಆಗಿಹೋಗಿತ್ತು. ಅಣ್ಣತಮ್ಮಂದಿರಿಗೆ ಆ ವರ್ಷ ಅಪ್ಪನ ಕೆರೆಹೊಲದ ವಿಷಯದಲ್ಲಿ ಮಾತಿಗೆ ಮಾತು ಬೆಳೆದಿತ್ತು. ಲೆಸ್ ಬಂದು ನೋಡಿದಾಗ ನೆಗ್ಗಿನ ಎದುರಿಗೆ ನಿಂತಿದ್ದದ್ದು ವಿನ್ಸ್‌ನ ಟೊಯೋಟಾ ಒಂದೇ, ಅದರ ಬಾಲದಲ್ಲೂ ಅಂಥದೇ ಗುಂಡು. ಎಲ್ಲರ ಮುಂದೆ, ಬಿಳಿ ಕೋಟನ್ನೂ ಬಿಚ್ಚದೆ, "ಹೊಲದ ಸಿಟ್ಟನ್ನ ಗಾಡಿ ಮೇಲೆ ತೀರಿಸ್ಕೊಂಡೆಯಾ?" ಎಂದು ಕೇಳಿದ. ವಿನ್ಸ್ "ನಾನಲ್ಲ" ಎಂದ. ಎರಡನೆಯ ಸಲವೂ "ನಾನಲ್ಲ" ಎಂದ. ಮೂರನೆಯ ಸಲ ಏನೂ ಅನ್ನದೆ ಟೋಪಿ ಹಾಕಿಕೊಂಡು ಹೊರಟುಹೋದ. ಅಂದಿನಿಂದ ಲೆಸ್ ಸಾಯುವವರೆಗೆ ಅವರಿಬ್ಬರೂ ಮಾತಾಡಲಿಲ್ಲ.

ಭಾನುವಾರ ಈ ಸುದ್ದಿ ಮರ್ವ್‌ನ ಕಿವಿಗೆ ಬಿತ್ತು. ಸೋಮವಾರ ಫೋನ್ ಎತ್ತಿದ, ಇಟ್ಟ. ಶನಿವಾರ ಹೇಳಿದ್ದರೆ ಅದೊಂದು ನೆಗ್ಗಿನ ಮಾತಾಗುತ್ತಿತ್ತು. ಸೋಮವಾರಕ್ಕೆ ಅದು ಎರಡು ದಿನ ಬಾಯಿ ಮುಚ್ಚಿದ್ದರ ಮಾತಾಯಿತು. ತಿಂಗಳು ಕಳೆದ ಮೇಲೆ ಯಾವ ಬಾಯಿಂದ ಹೇಳುವುದು? ವರ್ಷ ಕಳೆದ ಮೇಲಂತೂ ಹೇಳುವುದೆಂಬುದೇ ಇಲ್ಲವಾಯಿತು. ಮೈದಾನದಲ್ಲಿ ವಿನ್ಸ್ ಕೈಯೆತ್ತಿದರೆ ತಾನೂ ಕೈಯೆತ್ತುವುದು, ಅಷ್ಟೇ ಉಳಿಯಿತು.

"ಇದನ್ನ ಚೆನ್ನಾಗಿ ಮಾಡು" ಎಂದಳು ನೊರೀನ್. "ಮಿಕ್ಕಿದ್ದು ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ. ನಿನಗೆ ಹೇಳೇ ಇಲ್ಲ ಅಲ್ವಾ, ಇದು ನನಗಲ್ಲ. ವಿನ್ಸ್‌ಗೆ. ಸೆಪ್ಟೆಂಬರಲ್ಲಿ ಅವನಿಗೆ ಎಂಬತ್ತು ತುಂಬುತ್ತೆ. ಕೊಡ್ತೀನಿ, ಕೊಟ್ಟು ಹೇಳ್ತೀನಿ: ಮುದುಕಾ, ನೀನು ಮಾಡಿದ್ದು ಇಲ್ಲಿದೆ ನೋಡು, ಲೆಸ್ ಹೋದ, ನಾನಂತೂ ಮನಸ್ಸಿಂದ ತೆಗೆದುಹಾಕಿದೀನಿ, ಬಾ ಟೀ ಕುಡಿ ಅಂತ."

ಮರ್ವ್ ಅಡುಗೆಮನೆಯಲ್ಲಿ ಸ್ಕೋನ್ ಮುಂದೆ ಕೂತ. ಎರಡು ತಿಂದ, ಒಳ್ಳೆಯದಾಗಿದೆ ಎಂದ.

ಕೆಲಸ ಐದು ವಾರ ಹಿಡಿಯಿತು. ಲೋಹದಲ್ಲಿ ನೆಗ್ಗು ಮಾಡುವುದೆಂದರೆ ಹೊರಗಿನಿಂದ ಕುಟ್ಟುವುದಲ್ಲ. ಎರಕದ ಲೋಹ ತಗಡಿನಂತೆ ಬಾಗದು, ಬಿರಿಯುತ್ತದೆ. ನೆಗ್ಗು ಬರಬೇಕಾದ ಕಡೆ ಒಳಗಿನಿಂದ ಬೈರಿಗೆಯ ಮೊನೆಯಲ್ಲಿ ಉಜ್ಜಿ ಉಜ್ಜಿ ಕಾಗದದಷ್ಟು ತೆಳ್ಳಗೆ ಮಾಡಿ, ಬೆಚ್ಚಗೆ ಕಾಯಿಸಿ, ಆಮೇಲೆ ಮೊಂಡು ಕಡ್ಡಿಯಿಂದ ಹೊರಗಿನಿಂದ ಮೆಲ್ಲಗೆ ಒತ್ತಬೇಕು. ಇದೆಲ್ಲ ಬಣ್ಣಕ್ಕೆ ಮೊದಲೇ ಆಗಬೇಕು. ಮರ್ವ್ ಹದಿನಾಲ್ಕನ್ನೂ ಒಂದೊಂದಾಗಿ ಒತ್ತಿದ. ಹದಿನೈದನೆಯದಕ್ಕೆ ಮೈಯನ್ನು ಮಗುಚಿ ಹಿಡಿದು ಬೈರಿಗೆ ಇಟ್ಟ. ತೆಗೆದ. ಮರುದಿನವೂ ಇಟ್ಟ, ತೆಗೆದ.

ಮಾಡಿದರೆ ತನ್ನ ಸುಳ್ಳಿಗೆ ತಾನೇ ಅಚ್ಚು ಹೊಯ್ದ ಹಾಗೆ. ತಾನು ಮಾಡದ ತಪ್ಪಿಗೆ ಎಂಬತ್ತರ ಮುದುಕ ಅವಳಿಂದ ಕ್ಷಮೆಯ ಉಡುಗೊರೆ ಪಡೆಯಬೇಕು, ಅದನ್ನು ಗೂಡಿನಲ್ಲಿಟ್ಟು ದಿನಾ ನೋಡಬೇಕು. ಬಿಟ್ಟರೆ ಅಷ್ಟಾದರೂ ತಪ್ಪುತ್ತದೆ. ನೊರೀನ್‌ಗೆ ಕಣ್ಣು ಮಂಜು, ಗಮನಿಸಲಾರಳು. ಹೀಗೆ ಯೋಚಿಸಿ ಅವನು ಆ ಜಾಗವನ್ನು ನುಣ್ಣಗೆ ಬಿಟ್ಟು, ಮೇಲೆ ಹಳದಿ ಬಣ್ಣ ಹೊಡೆದ. ವಿನ್ಸ್‌ನ ಮೇಲಿನ ಕನಿಕರದಿಂದಲೇ ಹೀಗೆ ಮಾಡಿದೆ ಎಂದು ತನಗೆ ತಾನೇ ಮೂರು ನಾಲ್ಕು ಸಲ ಹೇಳಿಕೊಂಡ. ಒಂದೇ ಸಲಕ್ಕೆ ನಂಬಿಕೆ ಬಂದಿದ್ದರೆ ಮೂರು ನಾಲ್ಕು ಸಲ ಬೇಕಾಗುತ್ತಿರಲಿಲ್ಲ.

ಕೊನೆಗೆ ಧೂಳು. ಲೆಸ್‌ನ ಹೊಲದಿಂದಲೇ ತಂದ ಕೆಂಪು ಮಣ್ಣನ್ನು ಅರೆದು, ಹೆಂಡತಿ ಗ್ಲೆನಿಸ್‌ಳ ತೆಳು ಕಾಲುಚೀಲದಲ್ಲಿ ಜರಡಿ ಹಿಡಿದು, ಕುಂಚದಲ್ಲಿ ತಟ್ಟಬೇಕು.

"ಇದು ಚರ್ಚಿಗೆ ಹಾಕ್ಕೊಂಡು ಹೋಗೋ ಕಾಲುಚೀಲ!" ಎಂದಳು ಗ್ಲೆನಿಸ್.

"ಹರಿದದ್ದು ಅಂದುಕೊಂಡೆ."

"ಹರಿದಿರ್ಲಿಲ್ಲ, ಈಗ ಹರಿದಿದೆ. ಊರಲ್ಲಿರೋ ಗಂಡಸರ ಗಾಡಿ ಮೇಲೆಲ್ಲ ನನ್ನ ಕಾಲುಚೀಲದ ಮಣ್ಣು ಕಣೋ. ಯಾರಿಗಾದ್ರೂ ಹೇಳಿದ್ರೆ ಏನು ತಿಳ್ಕೊಂಡಾರು?" ಅವನು ನಗಲಿಲ್ಲ. ಗ್ಲೆನಿಸ್ ಅವನ ಮುಖ ನೋಡಿದಳು. "ಈ ಗಾಡಿ ನಿನಗೆ ಒಗ್ತಿಲ್ಲ" ಎಂದಳು. "ಕಣ್ಣು ಸಾಲ್ದು" ಎಂದ ಮರ್ವ್.

ಆಗಸ್ಟ್ ಕೊನೆಯ ವಾರ ಮಾದರಿಯನ್ನು ಹತ್ತಿಯಲ್ಲಿ ಸುತ್ತಿ ನೊರೀನ್‌ಳ ಅಡುಗೆಮನೆಗೆ ತಂದ. ಅವಳು ಮೇಜಿನ ಮೇಲೆ ಟವೆಲ್ ಹಾಸಿ ಅದನ್ನಿಟ್ಟುಕೊಂಡಳು. ಬಗ್ಗಿ ಒಳಗೆಲ್ಲ ಇಣುಕಿದಳು. ಹಿಂದಿನ ತೊಟ್ಟಿಯಲ್ಲಿ ಹುಲ್ಲುಕಟ್ಟಿನ ಹುರಿ, ಒಂದು ನೀರಿನ ಡಬ್ಬ. ಒಳಗೆ ಕಿಟಕಿಯ ಹತ್ತಿರ ಲೆಸ್‌ನ ಮಡಿಸಿದ ಬಿಳಿ ಕೋಟು, ಉಗುರಿನಷ್ಟು.

"ಅಯ್ಯೋ ಮರ್ವ್" ಎಂದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಕಣ್ಣಿಗಿಂತ ಬೆರಳನ್ನು ಹೆಚ್ಚು ನಂಬುವವಳಂತೆ, ಬಲಗಡೆಯ ಮುಂದೀಪದಿಂದ ಹೊರಟು ತೋರುಬೆರಳನ್ನು ಗಾಡಿಯ ಮೈಮೇಲೆ ಮೆಲ್ಲಗೆ ಎಳೆಯುತ್ತ ಬಂದಳು. "ಕಾಂಗರೂ... ಕಾಂಗರೂ... ಪಬ್ಬಿನ ಕಂಬ." ಬೆರಳು ಹಿಂಬದಿ ಸುತ್ತಿತು. ಎಡಗಡೆಗೆ ಬಂತು. ಚಕ್ರದ ಮೇಲೆ ಹೋಯಿತು, ನಿಂತಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು.

"ಎಲ್ಲಿ?"

"ಯಾವುದು?"

"ಯಾವುದು ಅಂತ ನಿನಗೆ ಗೊತ್ತು."

"ಮರೆತೆ ಅಂತ ಕಾಣುತ್ತೆ."

"ನೀನು?" ನೊರೀನ್ ಕನ್ನಡಕ ಹಾಕಿಕೊಂಡಳು. "ಪಬ್ಬಿನ ಕಂಬದ ಹಸಿರು, ಎಳ್ಳಿನಷ್ಟಿದ್ದದ್ದು, ಅದನ್ನ ಮರೀಲಿಲ್ಲ. ತಟ್ಟೆ ಅಗಲದ್ದು ಮರೆತೆಯಾ? ಇದೊಂದನ್ನ ಚೆನ್ನಾಗಿ ಮಾಡು ಅಂತ ಬಾಯಿಬಿಟ್ಟು ಹೇಳಿದ್ದೆ."

"ಈಗ ಹಾಕೋಕಾಗಲ್ಲ. ಬಣ್ಣಕ್ಕೆ ಮುಂಚೆ ಒಳಗಿಂದ ತೆಳು ಮಾಡ್ಬೇಕಿತ್ತು..."

"ನಾನು ಕೇಳಿದ್ದು ಅದಲ್ಲ." ಅವಳ ದನಿ ಇಳಿಯಿತು. "ವಿನ್ಸ್ ನಿನ್ನ ಹತ್ರ ಬಂದಿದ್ನಾ? ಬಿಟ್ಟುಬಿಡು ಅಂತ ಹೇಳಿದ್ನಾ? ಹೇಳಿದ್ರೆ ಹೇಳಿದ ಅನ್ನು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಮುದುಕನಿಗೆ ಈಗಲಾದ್ರೂ ನಾಚಿಕೆ ಆಗಿದ್ರೆ ಒಳ್ಳೇದೇ."

ಹೂಂ ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ, ತಲೆ ಒಂದಿಷ್ಟು ಆಡಿಸಿದ್ದರೆ ಸಾಕಿತ್ತು. ಮರ್ವ್‌ನ ತಲೆ ಆಡಲು ಹೊರಟದ್ದು ಅವನಿಗೇ ತಿಳಿಯಿತು. ಒಂಬತ್ತು ವರ್ಷ ಸುಮ್ಮನಿದ್ದದ್ದು ಒಂದು. ಈಗ ಈ ಮೇಜಿನ ಮುಂದೆ ಅದೇ ಮನುಷ್ಯನ ಮೇಲೆ ಎರಡನೆಯ ಸಲ ಹೊರಿಸಲು ತನ್ನ ಕುತ್ತಿಗೆ ತಾನಾಗಿಯೇ ಬಾಗುತ್ತಿದೆಯಲ್ಲ ಎಂದು ಅವನಿಗೆ ಹೇಸಿಗೆಯಾಯಿತು.

"ವಿನ್ಸ್ ಅಲ್ಲ" ಎಂದ. "ಯಾವತ್ತೂ ವಿನ್ಸ್ ಅಲ್ಲ. ಆ ನೆಗ್ಗು ನಂದು, ನೊರೀನ್. ನಾನು ಹಿಂದಕ್ಕೆ ತೆಗೆಯುವಾಗ ಆದದ್ದು. ಅಮ್ಮನ್ನ ನೋಡೋಕೆ ಹೊರಟಿದ್ದೆ. ಸಂಜೆ ಹೇಳೋಣ ಅಂತಿದ್ದೆ."

ನೊರೀನ್ ಅವನನ್ನೇ ನೋಡಿದಳು. "ಯಾವ ಸಂಜೆ?" ಎಂದಳು.

ಅವನು ಟವೆಲ್ಲಿನ ಅಂಚನ್ನು ನೇರ ಮಾಡಿದ.

ಅವಳು ಎದ್ದು ಅವನ ಮುಂದಿದ್ದ ಟೀ ಲೋಟ ತೆಗೆದುಕೊಂಡಳು. ಅರ್ಧ ಟೀ ಇತ್ತು. ಚೆಲ್ಲಿ, ತೊಳೆದು, ಬೋರಲು ಹಾಕಿದಳು. ಬೆನ್ನು ಮಾಡಿಕೊಂಡೇ ಮಾತಾಡಿದಳು. "ಕೊನೇ ವಾರ ಆಸ್ಪತ್ರೇಲಿ ಲೆಸ್ ದಿನಾ ಬೆಳಿಗ್ಗೆ ಕೇಳ್ತಿದ್ದ, ವಿನ್ಸ್ ಬಂದಿದ್ನಾ ಅಂತ. ಇಲ್ಲ ಅಂತಿದ್ದೆ. ಗೋಡೆ ಕಡೆ ತಿರುಗ್ತಿದ್ದ. ನೀನು ಬಂದಿದ್ದೆ ಆ ವಾರ. ದ್ರಾಕ್ಷಿ ತಂದಿದ್ದೆ. ಅವನ ಮಂಚದ ಪಕ್ಕ ಕೂತು ಒಂದು ಗಂಟೆ ಮಳೆ ವಿಷಯ ಮಾತಾಡ್ದೆ."

"ನೊರೀನ್..."

"ನನಗೆ ಹೇಳಿದ್ದು ಸಾಲದು. ನನಗೆ ಹೇಳಿ ಹಗುರ ಮಾಡ್ಕೊಂಡು ಮನೇಗೆ ಹೋಗ್ಬೇಡ. ವಿನ್ಸ್‌ಗೆ ಹೇಳು. ಇದನ್ನ ತಗೊಂಡು ಹೋಗು, ಬಣ್ಣ ಸುಲಿದು ಮೊದಲಿಂದ ಮಾಡು." ಮಾದರಿಯನ್ನು ಟವೆಲ್ಲಿನೊಂದಿಗೇ ಅವನ ಕಡೆ ತಳ್ಳಿದಳು. "ಕೋಟು ಮಾತ್ರ ಚೆನ್ನಾಗಿ ಮಾಡಿದೀಯ" ಎಂದಳು, ಆಮೇಲೆ ಅತ್ತಳು. ಅವನು ಇರುವಾಗ ಅಳುವುದು ಅವಳಿಗೆ ಬೇಕಿರಲಿಲ್ಲ ಎಂದು ತಿಳಿದು ಮರ್ವ್ ಹೊರಗೆ ಬಂದ.

ವಿನ್ಸ್ ಹೊಲದಲ್ಲಿದ್ದ. ಕುರಿಗಳ ನೀರಿನ ತೊಟ್ಟಿಯಲ್ಲಿ ತೇಲುಗುಂಡು ಕೆಟ್ಟು ನೀರು ಉಕ್ಕಿ ಹರಿಯುತ್ತಿತ್ತು. ಅವನು ಅಂಗಿಯ ತೋಳು ಮಡಚಿ, ತಣ್ಣೀರಿನಲ್ಲಿ ಮೊಣಕೈವರೆಗೆ ಕೈಯಿಟ್ಟು ಕೂತಿದ್ದ. ಮರ್ವ್‌ನನ್ನು ನೋಡಿ ಎದ್ದೇಳಲಿಲ್ಲ.

"ಒಳ್ಳೇ ಹೊತ್ತಿಗೆ ಬಂದೆ ಮಾರಾಯ. ಆ ಸ್ಪ್ಯಾನರ್ ಕೊಡು. ಅದಲ್ಲ, ಸಣ್ಣದು. ಮೂವತ್ತು ವರ್ಷ ಕೂತು ಸಂಬಳ ತಗೊಂಡೋನಿಗೆ ಸ್ಪ್ಯಾನರ್ ಹೇಗೆ ಗೊತ್ತಾಗ್ಬೇಕು."

ಮರ್ವ್ ಸ್ಪ್ಯಾನರ್ ಕೊಟ್ಟ. ಕೊಟ್ಟ ಕೈ ಹಿಂದಕ್ಕೆ ತೆಗೆಯುವ ಮೊದಲೇ ಹೇಳಿಬಿಟ್ಟ. ನಿಂತುಕೊಂಡೇ ಹೇಳಿದ, ತೊಟ್ಟಿಯ ನೀರನ್ನು ನೋಡುತ್ತ. ವಿನ್ಸ್ ತಿರುಚುವುದನ್ನು ನಿಲ್ಲಿಸಲಿಲ್ಲ. ಹೇಳಿ ಮುಗಿದ ಮೇಲೂ ಎರಡು ಸುತ್ತು ತಿರುಚಿದ.

"ಆಟದ ಯಾವ ಹೊತ್ತು?"

"ಕೊನೇ ಕಾಲುಭಾಗ. ಮುಗಿಯೋಕೆ ಹತ್ತು ನಿಮಿಷ ಇತ್ತು."

"ಆಗ ನಾನು ಕ್ಯಾಂಟೀನ್ ಹಿಂದೆ ತಟ್ಟೆ ಒರೆಸ್ತಿದ್ದೆ. ನಿನ್ನ ಹೆಂಡತಿ ತೊಳೀತಿದ್ಲು, ನಾನು ಒರೆಸ್ತಿದ್ದೆ. ಒಂದು ಮಾತು ಯಾರನ್ನಾದ್ರೂ ಕೇಳಿದ್ರೆ ಗೊತ್ತಾಗ್ತಿತ್ತು. ಲೆಸ್ ಕೇಳಲಿಲ್ಲ." ಕೈ ಹೊರಗೆ ತೆಗೆದು ಅಂಗಿಗೆ ಒರೆಸಿಕೊಂಡ. ಬೆರಳುಗಳು ಚಳಿಗೆ ಬೆಳ್ಳಗಾಗಿದ್ದವು. "ನಾನೂ ಹೇಳಲಿಲ್ಲ. ಒಡಹುಟ್ಟಿದೋನು ನಂಬದೇ ಇದ್ದಾಗ ಸಾಕ್ಷಿ ಕರ್ಕೊಂಡು ಬರೋದು ಯಾವ ಮರ್ಯಾದೆ ಅಂತ ಹಟ."

"ತಪ್ಪಾಯ್ತು, ವಿನ್ಸ್."

"ಲೆಸ್‌ನ ಮಣ್ಣಿಗೆ ಬಂದಿದ್ದೆ ನಾನು. ಬೇಲಿ ಹೊರಗೆ ನಿಂತಿದ್ದೆ. ನೀನು ಒಳಗಿದ್ದೆ. ಪೆಟ್ಟಿಗೆ ಹೊತ್ತಿದ್ದೆ."

ಮರ್ವ್ ಹೌದೆಂದ. ಪೆಟ್ಟಿಗೆಯ ಎಡಗಡೆಯ ಹಿಂದಿನ ಹಿಡಿಕೆ ಅವನ ಕೈಯಲ್ಲಿತ್ತು.

ತೊಟ್ಟಿಯಲ್ಲಿ ನೀರು ಉಕ್ಕುವುದು ನಿಂತಿತು. ವಿನ್ಸ್ ತೇಲುಗುಂಡನ್ನು ಒಮ್ಮೆ ಅದುಮಿ ನೋಡಿದ. "ಅವನು ಎಲ್ಲರ ಮುಂದೆ ಅಂದ" ಎಂದ. "ಇಲ್ಲಿ ಕುರಿಗಳ ಮುಂದೆ ನೀನು ಹೇಳಿದ್ರೆ ಏನು ಬಂತು? ಶನಿವಾರ ಆಟ ಇದೆ. ಅರ್ಧ ಆಟದ ಹೊತ್ತಿಗೆ ಎಲ್ಲ ಕ್ಯಾಂಟೀನ್ ಹತ್ರ ಇರ್ತಾರೆ. ಅಲ್ಲಿ ಹೇಳು."

"ಆಗ್ಲಿ."

"ಸ್ಪ್ಯಾನರ್ ಇಲ್ಲಿ ಇಟ್ಟು ಹೋಗು."

ಶನಿವಾರ ಮೈದಾನಕ್ಕೆ ಹೋಗುವ ದಾರಿಯಲ್ಲಿ ಗಾಡಿಯಲ್ಲೇ ಮರ್ವ್ ಗ್ಲೆನಿಸ್‌ಗೆ ಹೇಳಿದ. ಅವಳ ಮಡಿಲಲ್ಲಿ ಕ್ಯಾಂಟೀನಿಗೆ ಮಾಡಿದ ಕೇಕಿನ ತಟ್ಟೆ ಇತ್ತು. ಗೇಟಿನವರೆಗೂ ಅವಳು ತಟ್ಟೆಯ ಮೇಲಿನ ಬಟ್ಟೆ ಸರಿಮಾಡುತ್ತಿದ್ದಳು. ಗೇಟಿನಲ್ಲಿ, "ಒಂಬತ್ತು ವರ್ಷ ನನ್ನ ಪಕ್ಕದಲ್ಲಿ ಮಲಗಿ ನಿದ್ದೆ ಮಾಡಿದೆಯಲ್ಲೋ" ಎಂದಳು. ಅಷ್ಟು ಚೆನ್ನಾಗಿ ನಿದ್ದೆ ಮಾಡಲಿಲ್ಲ ಎನ್ನಬೇಕೆನಿಸಿತು ಅವನಿಗೆ. ಅದನ್ನು ಹೇಳಿ ಕನಿಕರ ಗಿಟ್ಟಿಸುವುದು ಇನ್ನೂ ಕೀಳೆನಿಸಿ ಸುಮ್ಮನಾದ.

ಅರ್ಧ ಆಟದ ಸೈರನ್ ಆದಾಗ ಜನ ಕ್ಯಾಂಟೀನಿನ ಮುಂದೆ ಬಿಸಿ ಪೈ ತಿಂಡಿಗೆ ಸಾಲು ನಿಂತರು. ಕ್ಲಬ್ಬಿನ ಕಾರ್ಯದರ್ಶಿ ಟ್ರಿಶ್ ಜಗಲಿಯ ಮೇಲೆ ಮೈಕು ಹಿಡಿದು ಬಹುಮಾನಕ್ಕಿಟ್ಟ ಮಾಂಸದ ತಟ್ಟೆಯ ಲಾಟರಿ ಚೀಟಿ ಎತ್ತಲು ಸಿದ್ಧಳಾಗುತ್ತಿದ್ದಳು. ಮರ್ವ್ ಅವಳ ಹತ್ತಿರ ಹೋಗಿ, ಎಲ್ಲರಿಗೂ ಒಂದು ಮಾತು ಹೇಳಬೇಕಿತ್ತು ಎಂದ. ಅವಳ ಮುಖ ಅರಳಿತು.

"ಕೇಳ್ರಪ್ಪಾ!" ಎಂದಳು ಮೈಕಿನಲ್ಲಿ. "ನಮ್ಮ ಮರ್ವ್ ಮಾತಾಡ್ತಾನಂತೆ! ಮೂವತ್ತೊಂದು ಗಾಡಿ ಮಾಡಿದ ಮೇಲೆ ಇವತ್ತು ಬಾಯಿ ಬಿಡ್ತಿದ್ದಾನೆ. ಲಾಟರಿಗೆ ಒಂದು ಗಾಡಿ ಕೊಡ್ತೀಯೇನೋ? ಚಪ್ಪಾಳೆ ತಟ್ಟಿ, ಇಲ್ಲಾಂದ್ರೆ ಓಡಿಹೋಗ್ತಾನೆ!"

ಜನ ಚಪ್ಪಾಳೆ ತಟ್ಟಿದರು. ಯಾರೋ ಸೀಟಿ ಹೊಡೆದರು. "ನನ್ನ ಗಾಡಿಗಿಂತ ನೀನು ಮಾಡಿದ್ದೇ ಚೆನ್ನಾಗಿ ಸ್ಟಾರ್ಟ್ ಆಗುತ್ತೆ ಮರ್ವ್!" ಎಂದು ಕೂಗಿದರು. ಆ ಚಪ್ಪಾಳೆ ನಿಲ್ಲುವವರೆಗೂ ಅವನು ಮೈಕು ಹಿಡಿದು ನಿಂತಿರಬೇಕಾಯಿತು. ಕ್ಯಾಂಟೀನಿನ ಕಿಟಕಿಯಲ್ಲಿ ಗ್ಲೆನಿಸ್ ಇದ್ದಳು. ಕೊನೆಯ ಕಂಬದ ಹತ್ತಿರ ನೊರೀನ್, ಕೈಕಟ್ಟಿಕೊಂಡು.

ಮರ್ವ್ ಹೇಳಿದ. ಉದ್ದವಾಗಿ ಯೋಚಿಸಿಟ್ಟುಕೊಂಡದ್ದೆಲ್ಲ ಮರೆತುಹೋಯಿತು. ಲೆಸ್‌ನ ಯೂಟಿಗೆ ಗುದ್ದಿದ್ದು ನಾನು, ವಿನ್ಸ್ ಮುಟ್ಟಿರಲಿಲ್ಲ, ನನಗೆ ಗೊತ್ತಿತ್ತು, ಮೊದಲ ದಿನದಿಂದ ಗೊತ್ತಿತ್ತು, ಹೇಳಲಿಲ್ಲ. ಅಷ್ಟೇ. ನಾಲ್ಕು ಮಾತಿಗಿಂತ ಹೆಚ್ಚಾಗಲಿಲ್ಲ. ನಾಲ್ಕು ಮಾತು ಹೇಳಲು ಒಂಬತ್ತು ವರ್ಷ ಬೇಕಾಯಿತೇ ಎಂದು ಅಲ್ಲಿದ್ದವರೆಲ್ಲ ಯೋಚಿಸುತ್ತಿದ್ದಾರೆ ಎಂದು ಅವನಿಗೆ ಅನಿಸಿತು. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸುವಾಗ ಮೈಕು ಗೊರಗುಟ್ಟಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಮುಂದಿನ ಸಾಲಿನವರು ಕೈಯಲ್ಲಿದ್ದ ಪೈಗಳನ್ನು ನೋಡಿಕೊಂಡರು. ಸೀಟಿ ಹೊಡೆದವನು ಬೂಟಿನ ಮಣ್ಣು ಕೆರೆಯತೊಡಗಿದ. ಸಾಲಿನ ನಡುವೆ ಒಂದು ಮಗು, "ಅಮ್ಮಾ, ಸಾಸ್ ಹಾಕಿಸ್ಲೇ ಇಲ್ಲ" ಎಂದದ್ದು ಎಲ್ಲರಿಗೂ ಕೇಳಿಸಿತು. ಟ್ರಿಶ್ ಅವನ ಕೈಯಿಂದ ಮೈಕು ತೆಗೆದುಕೊಂಡಳು, ಅವನ ಬೆರಳು ತಾಗದ ಹಾಗೆ. ಗಂಟಲು ಸರಿಮಾಡಿಕೊಂಡಳು. "ಹಾಂ... ಸರಿ. ನೀಲಿ ಚೀಟಿ. ಅರವತ್ತೆರಡು. ನೀಲಿ ಅರವತ್ತೆರಡು ಯಾರದು?"

ಯಾರದೂ ಅಲ್ಲ ಎನ್ನುವ ಹಾಗೆ ಎಲ್ಲರೂ ನಿಂತಿದ್ದರು. ನೊರೀನ್ ಮಾತ್ರ ಅವನತ್ತ ನೋಡಿ ಒಮ್ಮೆ ತಲೆಯಾಡಿಸಿದಳು. ಕೆಲಸ ಮಾಡಿದ ಆಳಿಗೆ ಹೋಗಬಹುದು ಎನ್ನುವಷ್ಟು ಮಾತ್ರ.

ಮರ್ವ್ ಜಗಲಿ ಇಳಿದು ಗಾಡಿಗಳ ಸಾಲಿನ ಹಿಂದೆ ನಡೆದ. ವಿನ್ಸ್‌ನ ಟೊಯೋಟಾ ಆ ತುದಿಯಲ್ಲಿತ್ತು, ಮೂತಿ ಮೈದಾನಕ್ಕೆ. ಅವನು ಕ್ಯಾಂಟೀನಿಗೆ ಬಂದಿರಲಿಲ್ಲ. ಕಿಟಕಿ ಇಳಿಸಿಕೊಂಡು ಒಳಗೇ ಕೂತಿದ್ದ. ಧ್ವನಿವರ್ಧಕ ಅವನ ತಲೆಯ ಮೇಲಿನ ಕಂಬದಲ್ಲೇ ಇತ್ತು. ಮರ್ವ್ ಮುಂದಿನ ಗಾಜಿನ ಹತ್ತಿರ ಬಂದು ನಿಂತ. ಆಟಗಾರರು ಆಗಲೇ ಮೈದಾನಕ್ಕೆ ಇಳಿಯುತ್ತಿದ್ದರು.

"ಕೇಳಿಸ್ತು" ಎಂದ ವಿನ್ಸ್. "ಕೊನೇದು ಕೇಳಿಸಲಿಲ್ಲ. ಗೊರ್ ಅಂತು. ಏನಂದೆ?"

"ತಪ್ಪಾಯ್ತು ಅಂದೆ."

"ಹೂಂ."

ಸೈರನ್ ಕೂಗಿತು. ಚೆಂಡು ಮೇಲೆದ್ದಿತು. ಮರ್ವ್ ಇನ್ನೂ ನಿಂತಿದ್ದ. ಇನ್ನೊಂದು ಮಾತು ಬರಬಹುದು, ಒಳ್ಳೆಯದೋ ಕೆಟ್ಟದ್ದೋ ಯಾವುದಾದರೂ ಒಂದು, ಅದನ್ನು ತೆಗೆದುಕೊಂಡು ಮನೆಗೆ ಹೋಗಬಹುದು ಎಂದು ಕಾದ. ವಿನ್ಸ್ ಕತ್ತು ಒಂದು ಕಡೆಗೆ ವಾಲಿಸಿ ಅವನ ಪಕ್ಕದಿಂದ ನೋಡಲು ಪ್ರಯತ್ನಿಸಿದ, ಆಮೇಲೆ ಇನ್ನೊಂದು ಕಡೆಗೆ.

"ಪಕ್ಕಕ್ಕೆ ಸರಿಯಯ್ಯಾ" ಎಂದ. "ಆಟ ಕಾಣ್ತಿಲ್ಲ."

ಮರ್ವ್ ಪಕ್ಕಕ್ಕೆ ಸರಿದ.